ಹೆಂಡತಿ ಮಗಳನ್ನು ಬಿಟ್ಟು

"ಮೇಡಂ, ಓಡಿಹೋದೋರ ಫೈಲ್ ಎಲ್ಲಿ ಸಿಗುತ್ತೆ?"

ರೆಕಾರ್ಡ್ ರೂಮಿನ ಕೌಂಟರ್ ಹಿಂದಿದ್ದ ಹುಡುಗಿ ತಲೆ ಎತ್ತಲಿಲ್ಲ. "ಮದುವೆ ರಿಜಿಸ್ಟ್ರೇಷನ್ ಮೇಲಿನ ಫ್ಲೋರು. ಹುಡುಗೀನೂ ಬರ್ಬೇಕು. ಎಲ್ಲಿ ಹುಡುಗಿ?"

"ಮನೇಲಿದಾಳೆ. ಎಂಬತ್ನಾಲ್ಕು ವರ್ಷ. ಮೆಟ್ಟಿಲು ಹತ್ತಕ್ಕಾಗಲ್ಲ."

ಈಗ ತಲೆ ಎತ್ತಿದಳು. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಎರಡು ಕಣ್ಣುಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದವು. ಬಂದ ನಗುವನ್ನು ಕೆಳತುಟಿ ಕಚ್ಚಿ ಸರ್ಕಾರಿ ಮುಖದೊಳಗೆ ಬಚ್ಚಿಟ್ಟಳು. ನನ್ನ ಎದೆಯಲ್ಲಿ ಇಂಟರ್ವಲ್ ಬೆಲ್ ಹೊಡೆಯಿತು.

ಹುಡುಗಿ ಅಂದರೆ ನಮ್ಮಜ್ಜಿ. ಓಡಿಹೋದವನು ಅವಳಪ್ಪ, ನನ್ನ ಮುತ್ತಜ್ಜ. ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸಕ್ಕೆ ಹೋದವನು ವಾಪಸ್ ಬರಲಿಲ್ಲ. ಬಂದದ್ದು ಅವನು ಸೇತುವೆ ಕೆಲಸದ ಆಫೀಸಿನಲ್ಲಿ ಬರೆಸಿದ ಹೇಳಿಕೆಯ ಒಂದು ಹಾಳೆ. ಅದರಲ್ಲಿ ಹೆಸರು, ವಯಸ್ಸು, ಕಸುಬು, ಕೊನೆಯಲ್ಲಿ "ನನ್ನ ಹೆಂಡತಿ ಮಗಳನ್ನು ಬಿಟ್ಟು". ಅಷ್ಟೇ. ಓದು ಬಾರದ ಮುತ್ತಜ್ಜಿಗೆ ಪಕ್ಕದ ಮನೆಯವರು ಓದಿ ಹೇಳಿದರು, ನಿಮ್ಮನ್ನ ಬಿಟ್ಟನಂತೆ ಅಂತ. ಆಗ ಅಜ್ಜಿಗೆ ವರ್ಷ ತುಂಬಿರಲಿಲ್ಲ. ಅವತ್ತಿನಿಂದ "ಬಿಟ್ಟೋದವನ ಮಗಳು" ಅನ್ನುವುದೇ ಅವಳ ಅಡ್ಡಹೆಸರು.

ಕಳೆದ ತಿಂಗಳು ಆಸ್ಪತ್ರೆಯಿಂದ ಬಂದವಳೇ ಆ ಹಾಳೆಯನ್ನು ನನ್ನ ಕೈಗಿಟ್ಟಳು. "ಹಾಲು ಕುಡಿಯೋ ಕೂಸು, ನಾನೇನು ತಪ್ಪು ಮಾಡಿದ್ನೋ? ಯಾಕೆ ಬಿಟ್ಟ ಅಂತ ತಿಳ್ಕೊಂಡೇ ಹೋಗ್ತೀನಿ."

ಇದನ್ನೆಲ್ಲ ಕೇಳಿದ ಮೇಲೆ ಹುಡುಗಿಯ ಮುಖದಲ್ಲಿ ನಗು ಇರಲಿಲ್ಲ. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. "ಸಹಿ ಇಲ್ಲ, ಹೆಬ್ಬೆಟ್ಟೂ ಇಲ್ಲ. ಹೇಳಿಕೆ ಹಿಂಗೆ ಮುಗಿಯಲ್ಲ ರೀ. ಇನ್ನೊಂದು ಹಾಳೆ ಇರ್ಬೇಕು."

"ಸೆಕೆಂಡ್ ಹಾಫ್ ಇದೆ ಅನ್ನಿ!"

"ಸೇತುವೆ ಫೈಲು ಇನ್ನೂರ ಹತ್ತು ಕಟ್ಟು. ಇಂಡೆಕ್ಸ್ ಇಲ್ಲ. ನಾನೊಬ್ಳೇ ಇಳಿಸಕ್ಕಾಗಲ್ಲ."

"ನಾನಿದ್ದೀನಲ್ಲ, ಲಿಫ್ಟ್ ಮೆಕ್ಯಾನಿಕ್ಕು. ಜನಾನ ಮೇಲೆ ಕಳಿಸೋದೇ ನನ್ನ ಕೆಲಸ."

"ಹಂಗಾದ್ರೆ ಮೊದ್ಲು ನೀವೇ ಹೋಗಿ. ಏಣಿ ಅಲ್ಲಿದೆ."

ದಿನಾ ಊಟದ ಹೊತ್ತಿಗೆ ಹಾಜರಾದೆ. ವಿಸಿಟರ್ಸ್ ಬುಕ್ಕಿನಲ್ಲಿ ಭೇಟಿಯ ಉದ್ದೇಶ ಅನ್ನುವ ಕಡೆ "ವಂಶೋದ್ಧಾರ" ಅಂತ ಬರೆದೆ. ಅವಳು ಕೆಂಪು ಇಂಕಿನಲ್ಲಿ ಹೊಡೆದುಹಾಕಿ "ದಾಖಲೆ ವೀಕ್ಷಣೆ" ಅಂತ ತಿದ್ದಿದಳು. ವೀಕ್ಷಣೆಯಂತೂ ಜೋರಾಗಿಯೇ ನಡೆಯಿತು. ರ್‍ಯಾಕಿನ ಎರಡು ಕಟ್ಟುಗಳ ಸಂದಿಯಲ್ಲಿ ಅವಳ ಕಣ್ಣು, ರೆಪ್ಪೆಯ ಮೇಲೆ ಧೂಳು.

"ಲಿಫ್ಟು, ಫೈಲು ಈ ಕಡೆ ಇರೋದು."

"ನಾನು ಓದ್ತಿರೋ ಫೈಲು ಆ ಕಡೆ ಇದೆ ಮೇಡಂ."

"ಅದು ಕಾನ್ಫಿಡೆನ್ಷಿಯಲ್ಲು. ಕೈ ನಡೀಲಿ."

ಮೂರನೇ ವಾರ ಒಂದು ಭಯ ಹುಟ್ಟಿತು. ಹಾಳೆ ಸಿಕ್ಕರೆ ನಾಳೆ ನಾನು ಯಾಕೆ ಬರಬೇಕು? ಕಪಿಬುದ್ಧಿ. ನೋಡಿ ಮುಗಿಸಿದ ಕಟ್ಟೊಂದನ್ನು ನೋಡದವುಗಳ ಸಾಲಿಗೆ ಸೇರಿಸಿಬಿಟ್ಟೆ.

ಅವಳು ದಾರ ಮುಟ್ಟಿದ ತಕ್ಷಣ ನಿಂತಳು. "ಇದು ನಾನು ಹಾಕಿರೋ ಗಂಟು. ನಿನ್ನೇನೇ ನೋಡಿದ್ವಿ." ಕಟ್ಟನ್ನು ನನ್ನ ಮುಂದೆ ಇಟ್ಟಳು. "ಅಲ್ಲಿ ಅಜ್ಜಿ ಕಾಯ್ತಿದಾರೆ ರೀ. ನಿಮಗೆ ಇದು ತಮಾಷೆನಾ?"

"ತಪ್ಪಾಯ್ತು." ಯಾವ ಹೀರೋ ಹೇಳುವ ಡೈಲಾಗೂ ಅಲ್ಲ. ಅವಳು ಆ ಕಟ್ಟನ್ನು ಎತ್ತಿ ನೋಡಿ ಮುಗಿಸಿದವುಗಳ ಸಾಲಿಗೆ ಇಟ್ಟಳು. ಐದು ನಿಮಿಷ ಕಳೆದ ಮೇಲೆ ತನ್ನ ಸ್ಟೂಲನ್ನು ಕಾಲಲ್ಲೇ ದೂಡಿ ನನ್ನ ಪಕ್ಕಕ್ಕೆ ತಂದಳು.

ನೂರ ಅರವತ್ತಮೂರನೇ ಕಟ್ಟು. ತುಕ್ಕು ಹಿಡಿದ ಗುಂಡುಸೂಜಿ, ಎರಡು ಹಾಳೆ. ಮೊದಲನೆಯದು ಅಜ್ಜಿಯ ಹಾಳೆಯದೇ ಇನ್ನೊಂದು ಪ್ರತಿ. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಓದಿದಳು.

"ನನ್ನ ಹೆಂಡತಿ ಮಗಳನ್ನು ಬಿಟ್ಟು..." ಹಾಳೆ ತಿರುವಿದ ಸದ್ದು. "ಈ ಲೋಕದಲ್ಲಿ ನನಗೆ ಯಾರೂ ಇಲ್ಲ. ನಾನು ಬಿದ್ದು ಕಾಲು ಮುರಿದುಕೊಂಡ ವಿಷಯ ಅವರಿಗೆ ತಿಳಿಸಬಾರದು, ಹೆದರುತ್ತಾರೆ. ಮಗಳು ತೆವಳಲು ಶುರು ಮಾಡಿದ್ದಾಳೆ. ಅವಳು ನಡೆಯುವ ಹೊತ್ತಿಗೆ ಮನೆಯಲ್ಲಿರುತ್ತೇನೆ."

ಕೆಳಗೆ ಹೆಬ್ಬೆಟ್ಟು. ಅದರ ಕೆಳಗೆ ಬೇರೆ ಇಂಕಿನಲ್ಲಿ ಒಂದು ಸಾಲು: ನಾಲ್ಕನೆಯ ದಿನ ಜ್ವರದಿಂದ ಮೃತ.

ತಿಳಿಸಬಾರದು ಅಂದಿದ್ದಕ್ಕೆ ಗುಮಾಸ್ತ ಮೊದಲ ಹಾಳೆಯ ನಕಲನ್ನಷ್ಟೇ ಕಳಿಸಿದ್ದ; ಸತ್ತ ಸುದ್ದಿಯನ್ನು ಆಮೇಲೆ ಯಾರೂ ಕಳಿಸಲೇ ಇಲ್ಲ.

"ಬಿಟ್ಟು ಅಂದ್ರೆ ಹೊರತು ಅಂತ ರೀ!" ಅವಳು ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದಳು. ಕನ್ನಡಕ ಮಂಜಾಗಿತ್ತು. "ಬಿಟ್ಟೇ ಇಲ್ಲ! ನಿಮ್ಮ ಮುತ್ತಜ್ಜ ಬಿಟ್ಟೇ ಇಲ್ಲ!"

ನಕಲಿಗೆ ಠಸ್ಸೆ ಹೊಡೆದು ನನ್ನ ಕೈಗೆ ಕೊಟ್ಟರೆ ಅವಳ ಕೆಲಸ ಮುಗಿಯುತ್ತಿತ್ತು. ಅರ್ಧ ದಿನ ರಜೆ ಬರೆದು ನನ್ನ ಬೈಕ್ ಹತ್ತಿದಳು.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. "ಇನ್ನೊಂದ್ಸಲ ಓದಮ್ಮ." ಮೂರು ಸಲ ಓದಿಸಿದಳು. ತೆವಳುವ ಕಡೆ ಬಂದಾಗಲೆಲ್ಲ ತನ್ನ ಮಂಡಿ ಸವರಿಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದು ಬಾಲ್ಕನಿಗೆ ಹೋದಳು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಕೆಳಗೆ ಬಟ್ಟೆ ಒಣಗಿಸುತ್ತಿದ್ದ ಆಂಟಿಗೆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಏಯ್ ಕೇಳ್ರೇ! ನಮ್ಮಪ್ಪಂಗೆ ನಮ್ಮನ್ನ ಬಿಟ್ರೆ ಯಾರೂ ಇರ್ಲಿಲ್ಲ ಕಣ್ರೇ!"

"ಯಾವಾಗ ಅಜ್ಜಿ?" ಅಂದಳು ಆಂಟಿ.

"ಯಾವಾಗ್ಲೂ!"

ಕೆನ್ನೆ ಒರೆಸಿಕೊಂಡು ಒಳಗೆ ಬಂದವಳು ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿದಳು.

"ಅಲ್ಲಮ್ಮ, ಹಾಳೆ ಸಿಕ್ತು. ಇನ್ನು ಇವನು ಯಾವ ನೆಪ ಹೇಳ್ಕೊಂಡು ನಿಮ್ಮ ಆಫೀಸಿಗೆ ಬರ್ತಾನೆ?"

ನೂರು ಡೈಲಾಗ್ ಬಾಯಿಪಾಠ ಇತ್ತು. ನಾನು ಹೆಲ್ಮೆಟ್ ಒರೆಸತೊಡಗಿದೆ.

ಅವಳು ನನ್ನನ್ನೇ ನೋಡುತ್ತ ಅಜ್ಜಿಗೆ ಹೇಳಿದಳು, "ನೆಪ ಯಾಕಜ್ಜಿ? ನಂಗೂ ಇವ್ರನ್ನ ನೋಡ್ಬೇಕು. ಐದೂವರೆಗೆ ಗೇಟ್ ಹತ್ರ ಬಂದ್ರೆ ಸಾಕು."

"ನಾಲ್ಕಕ್ಕೇ ಬರ್ತೀನಿ!"

"ಐದೂವರೆ ಅಂದ್ಲಲ್ಲೋ ಕತ್ತೆ," ಅಂದಳು ಅಜ್ಜಿ. "ಹುಡುಗಿಗೆ ಕೆಲಸ ಇರುತ್ತೆ."