ನೀಲಿ ಪುಡಿಯ ಮಾಂತ್ರಿಕನೂ ಹಿತ್ತಲಿನ ದುಗ್ಗಿಯೂ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ನಡುವೆ ಕುಂಬಳಾವತಿ ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಯಾಗಲಿ, ಗುಡಿಸಲಾಗಲಿ, ಪ್ರತಿ ಮನೆಗೂ ಒಂದು ಹಿತ್ತಲು. ಹಿತ್ತಲ ತುಂಬ ಬೆಂಡೆ, ಬದನೆ, ಹೀರೆ, ಅಲಸಂದೆ. ತಾವು ಬೆಳೆದದ್ದನ್ನೇ ಅಲ್ಲಿಯ ಜನ ಉಣ್ಣುತ್ತಿದ್ದರು.

ಒಂದು ದಿನ ನೀಲಜ್ವಾಲ ಎಂಬ ಮಾಂತ್ರಿಕ ಅಲ್ಲಿಗೆ ಬಂದ. ಅವನು ಬಂದ ಮಾರನೆಯ ದಿನವೇ ಗಿಡಗಳಿಗೆಲ್ಲ ಹುಳ ಬಿತ್ತು. ರಾಣಿ ಹೇಮಾಂಬಿಕೆ ಕಂಗಾಲಾದಳು. ಮಾಂತ್ರಿಕ ಅವಳ ಮುಂದೆ ನೀಲಿ ಪುಡಿಯ ಚೀಲ ಇಟ್ಟ.

"ಇದನ್ನು ಎರಚಿಸು. ಒಂದು ಹುಳವೂ ಉಳಿಯುವುದಿಲ್ಲ."

ರಾಣಿ ಸೌತೆಯ ಪಾತಿಗೆ ಎರಚಿಸಿದಳು. ಹುಳಗಳು ಉದುರಿದವು. ಜೇನುಹುಳಗಳೂ ಉದುರಿದವು. ಎಂಟು ವರ್ಷದ ರಾಜಕುಮಾರ ಎಳೆಸೌತೆಯೊಂದನ್ನು ಕಿತ್ತು ಕಚ್ಚಿದ. ಕಚ್ಚಿದವನು ನಿಂತಲ್ಲೇ ನೀಲಿ ಕಲ್ಲಾದ!

ಮಾಂತ್ರಿಕ ಗಹಗಹಿಸಿ ನಕ್ಕ. "ಇನ್ನು ಮೂರು ದಿನ, ದಿನಕ್ಕೊಮ್ಮೆ ನಿನ್ನ ಹಿತ್ತಲಿಗೆ ಹುಳ ಬಿಡುತ್ತೇನೆ. ನನ್ನ ಪುಡಿ ಮುಟ್ಟದೆ ಗೆದ್ದರೆ ನಿನ್ನ ಮಗ ಏಳುತ್ತಾನೆ. ಸೋತರೆ ಮನೆಮನೆಗೂ ನನ್ನ ಪುಡಿ!"

ಆಗ ಅರಮನೆಯ ಹಿತ್ತಲು ನೋಡಿಕೊಳ್ಳುವ ದುಗ್ಗಿ ಮುಂದೆ ಬಂದಳು. ಇಪ್ಪತ್ತರ ಹುಡುಗಿ, ಮೊಣಕೈವರೆಗೂ ಮಣ್ಣು.

"ತಾಯೀ, ಇದನ್ನು ನನಗೆ ಬಿಡಿ. ಹುಳಗಳ ಜೊತೆ ದಿನಾ ಗುದ್ದಾಡುವವಳು ನಾನು."

"ಒಬ್ಬಳೇ ಏನು ಮಾಡ್ತೀಯೇ ಮಗಳೇ?"

"ಒಬ್ಬಳೇ ಯಾಕೆ ತಾಯೀ? ಊರೇ ಇದೆಯಲ್ಲ!"

ಮೊದಲನೆಯ ದಿನ ಗಿಡದ ರಸ ಹೀರುವ ಹೇನಿನ ಸೈನ್ಯ ಬಂತು. ಅಲಸಂದೆ ಬಳ್ಳಿಗಳೆಲ್ಲ ಕಪ್ಪಗಾದವು.

"ಅಂಟುವಾಳದ ಕಾಯಿ ತನ್ನಿ!" ದುಗ್ಗಿ ಕೂಗಿದಳು. "ನೆನೆಸಿ, ಕಿವುಚಿ, ನೊರೆ ಬರಿಸಿ! ಎಲೆಯ ಮೇಲಲ್ಲ, ಎಲೆಯ ಅಡಿಗೆ ಚಿಮ್ಮಿಸಿ!"

ಜನ ಬಿಂದಿಗೆ ಹೊತ್ತು ಓಡಿದರು. ನೊರೆನೀರು ಬಿದ್ದಲ್ಲೆಲ್ಲ ಹೇನು ಪುಳಪುಳನೆ ಉದುರಿತು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಕೆಂಪು ಮೋಡವೊಂದು ಇಳಿಯಿತು. ಕಪ್ಪು ಚುಕ್ಕೆಯ ಗುಲಗಂಜಿ ಹುಳಗಳು!

"ಆ ಪುಡಿಗೆ ಹೆದರಿ ಅಡಗಿದ್ದೆವು. ಇಲ್ಲಿ ಊಟ ಸಿಗುತ್ತದೆಯೇ?" ಎಂದು ಅವುಗಳ ದೊರೆ ಕೇಳಿತು.

"ಬಳ್ಳಿಯ ತುಂಬ ಬಡಿಸಿದೆ, ಬನ್ನಿ!"

ಸಂಜೆಯ ಹೊತ್ತಿಗೆ ಹೇನಿನ ಸೈನ್ಯ ಮುಗಿದಿತ್ತು.

ಎರಡನೆಯ ದಿನ ಬಿಳಿನೊಣಗಳ ಸೈನ್ಯ ಬಂತು. ಆಕಾಶವೇ ಬೆಳ್ಳಗಾಯಿತು. ನೊರೆನೀರು ಚಿಮ್ಮಿಸಿದರೆ ಬುರ್ರನೆ ಮೇಲೆದ್ದವು, ಮತ್ತೆ ಬಂದು ಬದನೆಯ ಮೇಲೆ ಕೂತವು. ಆಗ ದುಗ್ಗಿಯ ಕಣ್ಣು ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲೆ ಒಣಹಾಕಿದ್ದ ಹಳದಿ ಸೀರೆಯತ್ತ ಹೋಯಿತು. ನೊಣಗಳು ಅದಕ್ಕೇ ಮುತ್ತುತ್ತಿದ್ದವು!

"ಅಜ್ಜೀ, ಆ ಸೀರೆ ಕೊಡಿ!"

"ಅಯ್ಯೋ, ಅದು ನನ್ನ ಮದುವೆ ಸೀರೆ ಕಣೇ!"

"ಇನ್ನೊಂದು ಮದುವೆ ಮಾಡಿಸ್ತೀನಿ, ಮೊದಲು ಕೊಡಿ!"

ಅಜ್ಜಿ ನಗುತ್ತಲೇ ಕೊಟ್ಟಳು. ದುಗ್ಗಿ ಅದಕ್ಕೆ ಹರಳೆಣ್ಣೆ ಬಳಿದು ಬದನೆಯ ಸಾಲಿನಲ್ಲಿ ಕಟ್ಟಿದಳು. ಹಾರಿ ಬಂದ ನೊಣ ಅಂಟಿಕೊಂಡಿತು, ಏಳಲಿಲ್ಲ. ಅದನ್ನು ನೋಡಿ ಊರಿನಲ್ಲಿದ್ದ ಹಳದಿ ಪಂಚೆ, ಹಳದಿ ಹಲಗೆ ಎಲ್ಲ ಹಿತ್ತಲಿಗೆ ಬಂದವು. ಸಂಜೆಗೆ ಅವೆಲ್ಲ ಬೆಳ್ಳಗಾಗಿದ್ದವು, ಆಕಾಶ ಮತ್ತೆ ನೀಲಿಯಾಗಿತ್ತು.

ಮೂರನೆಯ ದಿನ ಮಾಂತ್ರಿಕ ಕೋಪದಿಂದ ಉರಿದ. ತಾನೇ ಆನೆಯಷ್ಟು ದೊಡ್ಡ ಹಸಿರು ಹುಳವಾಗಿ ಬೇಲಿ ಮುರಿದು ನುಗ್ಗಿದ. ಒಂದು ಬಾಯಿಗೆ ಒಂದು ಚಪ್ಪರ! ತಿಂದಷ್ಟೂ ಬೆಳೆದ. ಜನ ಚೀರುತ್ತ ಓಡಿದರು.

ದುಗ್ಗಿ ಮಾತ್ರ ಓಡಲಿಲ್ಲ. ಹಿಂದಿನ ದಿನವೇ ಕುಟ್ಟಿ ನೆನೆಹಾಕಿದ್ದ ಬೇವಿನ ಬೀಜದ ನೀರನ್ನು ಸೋಸಿಟ್ಟಿದ್ದಳು. ಅದನ್ನು ತಂದು ಉಳಿದ ಗಿಡಗಳ ಎಲೆ ಎಲೆಗೂ ಚಿಮ್ಮಿಸಿದಳು. ರಾಣಿಯೂ ಸೆರಗು ಕಟ್ಟಿ ಅವಳ ಪಕ್ಕಕ್ಕೆ ಬಂದು ನಿಂತಳು.

ಹುಳ ಹೀರೆಯ ಎಲೆಗೆ ಬಾಯಿ ಹಾಕಿತು. "ಥೂ! ಕಹಿ!" ಬೆಂಡೆಗೆ ಬಾಯಿ ಹಾಕಿತು. "ಥೂ!" ಬದನೆಗೆ ಹಾಕಿತು. "ಥೂ ಥೂ!" ತಿನ್ನಲಾಗದೆ ಅದು ಎಮ್ಮೆಯಷ್ಟಾಯಿತು, ಬೆಕ್ಕಿನಷ್ಟಾಯಿತು, ಕಿರುಬೆರಳಿನಷ್ಟಾಯಿತು.

"ಈಗ ಕೋಲು ನೆಡಿ!" ಎಂದಳು ದುಗ್ಗಿ. ಓಡಿದ್ದ ಜನ ಮರಳಿ ಬಂದು ಸಾಲುಸಾಲಿಗೂ ಕೋಲು ನೆಟ್ಟರು. ಗೊರವಂಕಗಳು ಹಾರಿ ಬಂದು ಕೋಲಿನ ಮೇಲೆ ಕೂತವು, ಅತ್ತಿತ್ತ ಕತ್ತು ತಿರುಗಿಸಿದವು. ಒಂದು ಗೊರವಂಕ ಕೆಳಗಿಳಿದು ಮಾಂತ್ರಿಕನನ್ನು ಗುಟುಕ್ಕನೆ ನುಂಗಿಬಿಟ್ಟಿತು!

ಆ ಕ್ಷಣವೇ ನೀಲಿ ಪುಡಿಯೆಲ್ಲ ಮಣ್ಣಾಯಿತು. ಜೇನುಹುಳಗಳು ಗುಂಯ್‌ಗುಟ್ಟುತ್ತ ಎದ್ದವು. ರಾಜಕುಮಾರ ಕಣ್ಣುಬಿಟ್ಟು, "ಅಮ್ಮಾ, ಹಸಿವು!" ಎಂದ. ರಾಣಿ ಮಗನನ್ನು ಒಂದು ತೋಳಲ್ಲಿ, ದುಗ್ಗಿಯನ್ನು ಇನ್ನೊಂದು ತೋಳಲ್ಲಿ ತಬ್ಬಿ ಅತ್ತಳು. ಅಂದೇ ದುಗ್ಗಿಯನ್ನು ಇಡೀ ರಾಜ್ಯದ ಹಿತ್ತಲುಗಳ ಮಂತ್ರಿಣಿಯಾಗಿ ಮಾಡಿದಳು.

ವಾರ ಕಳೆದ ಮೇಲೆ ರಾಣಿ ಗಾಬರಿಯಿಂದ ಓಡಿ ಬಂದಳು. "ದುಗ್ಗೀ, ಬೆಂಡೆ ಎಲೆಯಲ್ಲಿ ಎರಡು ತೂತು!"

ದುಗ್ಗಿ ಎಲೆ ಮಗುಚಿ ನೋಡಿದಳು. ಒಂದೇ ಒಂದು ಪುಟ್ಟ ಹುಳ ಮೇಯುತ್ತಿತ್ತು.

"ಎರಡು ತೂತು ತಾನೇ ತಾಯೀ? ಗಿಡ ತಡೆದುಕೊಳ್ಳುತ್ತೆ. ನಾಳೆ ಮತ್ತೆ ನೋಡೋಣ."

ರಾಣಿ ನಕ್ಕಳು. ಇಬ್ಬರೂ ಮಡಿಲ ತುಂಬ ಬೆಂಡೆಕಾಯಿ ಕಿತ್ತರು. ಆ ದಿನದಿಂದ ಕುಂಬಳಾವತಿಯ ಮಕ್ಕಳು ಬಳ್ಳಿಯಿಂದ ಕಿತ್ತ ಸೌತೆಯನ್ನು ಅಲ್ಲೇ ಕಚ್ಚಿ ತಿಂದರು, ಎಲ್ಲರೂ ಹೊಟ್ಟೆ ತುಂಬ ಉಂಡು ನೂರು ಕಾಲ ನಗುನಗುತ್ತ ಬಾಳಿದರು.