ಕಲಬುರಗಿಯಲ್ಲಿ ಉಳಿದ ದನಿ

ಶೇವಂತಿ ತಾಂಡೇಲ ತುಟಿ ಅಲುಗಿಸಿದರೆ ಸಾಕು, ಕೊರಳಿಗೆ ಕಟ್ಟಿದ ಪಟ್ಟಿ ಮಾತಾಡುತ್ತಿತ್ತು. ಕಾರವಾರದ ಮೀನುಪೇಟೆಯಲ್ಲಿ ಅವಳು ಬಂಗಡೆ ಮಾರುತ್ತಿದ್ದಳು. ಏಳು ವರ್ಷಗಳ ಹಿಂದೆ ಕ್ಯಾನ್ಸರ್ ತಗುಲಿದ ಧ್ವನಿಪೆಟ್ಟಿಗೆಯನ್ನು ತೆಗೆಯುವ ಮೊದಲು ವೈದ್ಯರು ಅವಳ ಮಾತನ್ನು ಇಪ್ಪತ್ತು ತಾಸು ಮುದ್ರಿಸಿಕೊಂಡಿದ್ದರು. ಅದರಿಂದ ಕಟ್ಟಿದ ದನಿ ಇರುತ್ತಿದ್ದುದು ಪಟ್ಟಿಯಲ್ಲಲ್ಲ, ದನಿಭಂಡಾರವೆಂಬ ಸಂಸ್ಥೆಯಲ್ಲಿ. ಗಂಟಲಿನ ಸ್ನಾಯುಗಳ ಚಲನೆ ಅಲ್ಲಿಗೆ ಹೋಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾತಾಗಿ ಹಿಂದಿರುಗುತ್ತಿತ್ತು.

ಅಲ್ಲಿ ಅವಳ ಹಾಗೆ ಅದೇ ಕಾಲಕ್ಕೆ ಸೇರಿದ ಹನ್ನೊಂದು ಸಾವಿರ ಜನರ ದನಿಗಳಿದ್ದವು. ಮೂಲ ಕಾರವಾರದಲ್ಲಿ, ಕ್ಷಣಕ್ಷಣವೂ ಅದನ್ನು ಅನುಸರಿಸುವ ಜೋಡಿಪ್ರತಿ ಹುಬ್ಬಳ್ಳಿಯಲ್ಲಿ, ವರ್ಷಕ್ಕೊಮ್ಮೆ ಮಾತ್ರ ಹೊಸದಾಗುವ ತಡಪ್ರತಿ ಕಲಬುರಗಿಯಲ್ಲಿ. ಮೂಲದಲ್ಲಿದ್ದ ಯಂತ್ರ ದಿನವೂ ದನಿಗಳನ್ನು ಚೂರುಚೂರೇ ತಿದ್ದಿ ಸ್ಪಷ್ಟಗೊಳಿಸುತ್ತಿತ್ತು.

ಒಂದು ಚಂಡಮಾರುತದಲ್ಲಿ ಸಮುದ್ರ ಕಾರವಾರದ ಕೇಂದ್ರಕ್ಕೆ ನುಗ್ಗಿತು. ಮುಳುಗುತ್ತಿದ್ದ ಯಂತ್ರಗಳಲ್ಲಿ ದನಿಗಳು ಕೆಡುತ್ತ ಹೋದವು. ಹುಬ್ಬಳ್ಳಿಯ ಜೋಡಿಪ್ರತಿ ಆ ಕೇಡನ್ನೂ ನಿಷ್ಠೆಯಿಂದ ನಕಲು ಮಾಡಿತು. ಹನ್ನೊಂದು ಸಾವಿರ ಜನ ಮೂಕರಾದರು.

ಕಲಬುರಗಿ ಕೇಂದ್ರದ ಮುಖ್ಯಸ್ಥೆ ಶರಣಮ್ಮ ಗೋಗಿ ತಡಪ್ರತಿಯನ್ನು ತೆರೆದು ನೋಡಿದಳು. ಅದು ಆರು ವರ್ಷ ಹಳೆಯದು. ವಾರ್ಷಿಕ ನವೀಕರಣ ಅವಳ ಕಾಲದಲ್ಲೇ ನಿಂತುಹೋಗಿತ್ತು, ಅವಳು ಗಮನಿಸಿರಲಿಲ್ಲ. ಬೇರೆ ದಾರಿಯಿಲ್ಲದೆ ಮೂರನೆಯ ದಿನ ಅದನ್ನೇ ಚಾಲೂ ಮಾಡಿದಳು.

ಆಗ ಶೇವಂತಿ ಶಾಲೆಯೊಂದರ ಪರಿಹಾರ ಶಿಬಿರದಲ್ಲಿದ್ದಳು. ಮಗಳು ಪ್ರಮಿಳಾಳತ್ತ ತಿರುಗಿ, "ಗಂಜಿ ಉಂಡ್ಯಾ?" ಎಂದಳು.

ಮಗಳು ತಟ್ಟೆ ಕೆಳಗಿಟ್ಟಳು. "ಆಯಿ, ಇನ್ನೊಂದ್ಸಲ ಹೇಳು."

ತುಸು ಒರಟಾದ, ಕೊನೆಯಲ್ಲಿ ರಾಗ ಎಳೆಯುವ, ತಾಯಿಯ ಮೊದಲಿನ ದನಿ ಅದು. ದಿನಕ್ಕೆ ಕೂದಲೆಳೆಯಷ್ಟೇ ತಿದ್ದುಪಡಿಯಾಗಿದ್ದರಿಂದ, ಅದು ಯಾವಾಗ ಕಳೆದುಹೋಯಿತೆಂದು ಇಬ್ಬರಿಗೂ ತಿಳಿದಿರಲಿಲ್ಲ. ತಾಯಿ ಮತ್ತೆ ಅದನ್ನೇ ಕೇಳಿದಳು. ಪ್ರಮಿಳಾ ಅವಳ ತೊಡೆಯ ಮೇಲೆ ಮುಖವಿಟ್ಟಳು.

ಎರಡು ತಿಂಗಳ ಬಳಿಕ ಹುಬ್ಬಳ್ಳಿಯ ತಜ್ಞರು ಕೆಟ್ಟುಹೋಗಿದ್ದ, ಯಂತ್ರ ತಿದ್ದಿದ್ದ ಹೊಸ ದನಿಗಳನ್ನು ದುರಸ್ತಿ ಮಾಡಿದರು. ಮರಳಿ ಹಾಕಲು ಒಪ್ಪಿಗೆ ಬೇಕಿತ್ತು. ಶರಣಮ್ಮ ತಾನೇ ಕಾರವಾರಕ್ಕೆ ಬಂದಳು.

"ನಂಗೆ ಅದು ಬೇಡ," ಎಂದಳು ಶೇವಂತಿ.

"ಅಕ್ಕಾ, ಹೊಸಾದು ಭಾಳ ಸ್ಪಷ್ಟ ಅದರಿ. ಮತ್ತ ಈ ಹಳೇದು ಒಂದೇ ಊರಾಗ ಅದ. ಅಲ್ಲಿ ಏನರೆ ಆದ್ರ ನಿಮಗ ದನಿನೇ ಇರಂಗಿಲ್ಲ."

"ಹಾಗಿದ್ರೆ ಇದನ್ನೇ ಮೂರೂ ಕಡೆ ಇಡಿ. ಅದ್ರಲ್ಲಿ ಕಷ್ಟ ಏನುಂಟು?"

ಶರಣಮ್ಮನಿಗೆ ಆಗ ಹೊಳೆಯಿತು. ಮೂಲಕ್ಕೂ ಜೋಡಿಪ್ರತಿಗೂ ಹೋಲಿಕೆಯಿದೆಯೇ ಎಂದು ಭಂಡಾರ ನಿಮಿಷಕ್ಕೊಮ್ಮೆ ಪರೀಕ್ಷಿಸುತ್ತಿತ್ತು. ಆ ಎರಡಕ್ಕೂ ಮನುಷ್ಯನಿಗೂ ಹೋಲಿಕೆಯಿದೆಯೇ ಎಂದು ಯಾರೂ ನೋಡಿರಲಿಲ್ಲ.

ಅವಳು ಎಲ್ಲರಿಗೂ ಪತ್ರ ಬರೆಸಿದಳು. ಒಂಬತ್ತು ಸಾವಿರ ಜನ ಹಳೆಯದನ್ನೇ ಕೇಳಿದರು. ತನ್ನ ದನಿ ತನಗೆಂದೂ ಹಿಡಿಸಿರಲಿಲ್ಲ, ಹೊಸದೇ ಇರಲಿ ಎಂದ ಅಂಕೋಲೆಯ ಮೇಷ್ಟ್ರಂಥವರೂ ಇದ್ದರು.

ವಿಚಾರಣಾ ಸಮಿತಿಯ ಮುಂದೆ ಶರಣಮ್ಮ ತಪ್ಪೊಪ್ಪಿಕೊಂಡಳು. ಲಿಖಿತ ಛೀಮಾರಿಯೂ ಬಂತು. ಅದೇ ಸಮಿತಿ ಹೊಸ ನಿಯಮವೊಂದನ್ನು ಮಾಡಿ ಅದರ ಹೊಣೆಯನ್ನು ಅವಳಿಗೇ ಒಪ್ಪಿಸಿತು. ಈಗ ತಡಪ್ರತಿಯನ್ನು ಹೊಸದಾಗಿಸುವ ಮೊದಲು ಪ್ರತಿ ಮನೆಗೂ ಕರೆ ಹೋಗುತ್ತದೆ. ಮನೆಯವರೊಬ್ಬರು ಪ್ರತಿಗೆ ಸೇರಲಿರುವ ದನಿಯಲ್ಲಿ ನಾಲ್ಕು ಮಾತು ಕೇಳಿ, "ಹೌದು, ನಮ್ಮವರೇ" ಎನ್ನಬೇಕು. ಅಲ್ಲಿಯವರೆಗೆ ಯಂತ್ರ ಕಾಯುತ್ತದೆ.