ಆಜಾನ್ ಹೊತ್ತಿಗೆ ತಗ್ಗುವ ರೇಡಿಯೋ

ಸೋಲೋ ಊರಿನ ಹಳೇ ಸಾಮಾನಿನ ಪೇಟೆಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಅಂದರೆ ಜನ ನನ್ನ ಅಂಗಡಿಗೇ ಕೈ ತೋರಿಸುತ್ತಾರೆ. ನಾನು ಬೆಸುಗೆ ಹಾಕಿದ ರೇಡಿಯೋ ಮತ್ತೆ ನನ್ನ ಬಾಗಿಲಿಗೆ ಬಂದದ್ದಿಲ್ಲ, ಒಂದನ್ನು ಬಿಟ್ಟು.

ಅದನ್ನು ತಂದವರು ಲಸ್ತ್ರಿಯಮ್ಮ. ತೀರಿಕೊಂಡ ಗಂಡನದಂತೆ. ಒಳಗೆಲ್ಲ ಒರೆಸಿ, ಸೆಲ್ಲು ತುಂಬಿ ಆನ್ ಮಾಡಿದೆ. ಗಮೆಲಾನ್ ವಾದ್ಯದ ನಾದ ಅಂಗಡಿ ತುಂಬಿತು. ಮಸೀದಿಯಿಂದ ಮಧ್ಯಾಹ್ನದ ಆಜಾನ್ ಕೇಳಿಸಿತು. ರೂಢಿಯಂತೆ ಸದ್ದು ತಗ್ಗಿಸಲು ಕೈ ಚಾಚಿದೆ. ಅಷ್ಟರಲ್ಲಿ ಅದು ತಾನಾಗಿ ತಗ್ಗಿತು. ಆಜಾನ್ ಮುಗಿದ ಮೇಲೆ ತಾನಾಗಿ ಏರಿತು. ನಾಬ್ ಮುಟ್ಟಿದರೆ, ಯಾರೋ ಈಗಷ್ಟೇ ಕೈ ತೆಗೆದ ಹಾಗೆ ಬೆಚ್ಚಗಿತ್ತು.

ವಾಲ್ಯೂಮ್ ಕಂಟ್ರೋಲ್ ಸವೆದಿದೆ ಅಂದುಕೊಂಡು, ಅದನ್ನು ನಾಬ್ ಸಮೇತ ಕಿತ್ತು ಡಬ್ಬಿಗೆ ಹಾಕಿದೆ. ಹೊಸದನ್ನು ಕೂರಿಸಿ ಕಳಿಸಿಕೊಟ್ಟೆ.

ವಾರದೊಳಗೆ ಲಸ್ತ್ರಿಯಮ್ಮ ರೇಡಿಯೋ ಹೊತ್ತು ವಾಪಸು ಬಂದರು.

"ಏನಪ್ಪಾ ಮಾಡಿಟ್ಟೆ? ಆಜಾನ್ ಕೂಗ್ತಿದ್ರೂ ಇದು ಬಾಯಿ ಮುಚ್ಚಲ್ಲ!"

"ತಗ್ಗಿಸೋದು ನೀವಲ್ವೇನಮ್ಮಾ?"

"ನಾನ್ಯಾವತ್ತು ಮುಟ್ಟಿದೀನಿ? ಅದು ನಮ್ಮೆಜಮಾನ್ರ ಕೆಲಸ. ಹೋದ್ಮೇಲೂ ಒಂದಿನ ತಪ್ಪಿಸಿರಲಿಲ್ಲ," ಎಂದು ಬೀಗಿದರು.

ನಗು ತಡೆದುಕೊಂಡು ಡಬ್ಬಿ ತೆರೆದೆ. ಅಷ್ಟರಲ್ಲಿ ಆಜಾನ್ ಶುರುವಾಯಿತು. ತಂತಿಯಿಲ್ಲ, ಸೆಲ್ಲಿಲ್ಲ, ಡಬ್ಬಿಯೊಳಗೆ ಆ ನಾಬ್ ಮೆಲ್ಲಗೆ ಎಡಕ್ಕೆ ತಿರುಗಿ ನಿಂತಿತು.

ಅದನ್ನೇ ಮತ್ತೆ ಕೂರಿಸಿಕೊಟ್ಟೆ. ನಾನು ಹಾಕಿದ ಬೆಸುಗೆಗಳಲ್ಲೆಲ್ಲ ಅದೇ ಅತ್ಯಂತ ಅಚ್ಚುಕಟ್ಟಾದದ್ದು. ಬೆಸುಗೆ ಹಾಕುವಾಗ ಆ ಹಳೇ ಕಂಟ್ರೋಲ್ ಒಂದಿಷ್ಟೂ ಅಲ್ಲಾಡಲಿಲ್ಲ. ನಾನು ಅದನ್ನು ಹಿಡಿದಿರಲೇ ಇಲ್ಲ.